ಮಳೆನೆರಳಿನ ನಾಡಿನ ಹೂವಿನ ಪಂಚಾಂಗ



ಜುಲೈ ತಿಂಗಳ ಯಾವುದಾದರೂ ಭಾನುವಾರ ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೊರಟರೆ ರಸ್ತೆ ಬದಿಯಲ್ಲಿ ಸಾಲಾಗಿ ನಿಂತ ಕಾರುಗಳು ಕಾಣುತ್ತವೆ. ಅವುಗಳಲ್ಲಿ ಕೇರಳದ ನಂಬರಿನವು ಬಹಳ. ಪಕ್ಕದ ಸೂರ್ಯಕಾಂತಿ ಹೊಲದಲ್ಲಿ ಹೊಸದಾಗಿ ಮದುವೆಯಾದವರು, ಶಾಲೆಯ ಮಕ್ಕಳು, ಸೆರಗು ಸರಿಪಡಿಸಿಕೊಳ್ಳುತ್ತಿರುವ ಅಜ್ಜಿಯರು ಫೋಟೋಗೆ ನಿಂತಿರುತ್ತಾರೆ. ಆಚೆ ಬದಿಯ ಹೊಲದಲ್ಲಿ ಚೆಂಡು ಹೂವು ಕಿತ್ತಳೆ ಬಣ್ಣದ ಜಮಖಾನ ಹಾಸಿದಂತೆ ಹಬ್ಬಿರುತ್ತದೆ. ಗುಂಡ್ಲುಪೇಟೆ ಸೀಮೆಯಲ್ಲಿ ಹೂವು ನೋಡಲು ಯಾವಾಗ ಬರಬೇಕು ಎಂದು ಯಾರನ್ನಾದರೂ ಕೇಳಿ. ಜುಲೈ ಎಂಬ ಉತ್ತರ ತಕ್ಷಣ ಸಿಗುತ್ತದೆ.

ಉತ್ತರ ತಪ್ಪಲ್ಲ. ಆದರೆ ಅದು ಬೆಳೆಯ ಲೆಕ್ಕ, ಬಿತ್ತಿದವರ ಲೆಕ್ಕ. ಯಾರೂ ಬಿತ್ತದೆ, ಯಾರೂ ನೀರು ಹಾಯಿಸದೆ ಈ ಒಣ ನೆಲದಲ್ಲಿ ತಾವಾಗಿ ಅರಳುವ ಹೂವುಗಳಿಗೆ ಬೇರೆಯೇ ಪಂಚಾಂಗವಿದೆ. ಅದು ಜುಲೈಯಲ್ಲಿ ಹೆಚ್ಚುಕಡಿಮೆ ಬಿಳಿ ಹಾಳೆ. ಆ ಪಂಚಾಂಗವನ್ನು ಯಾವ ಮಾಸದಲ್ಲಿ, ಯಾವ ಹಾದಿಯಲ್ಲಿ ನಿಂತು ಓದಬೇಕು, ಅದರ ಕೆಲವು ಹಾಳೆಗಳು ಈಚಿನ ದಶಕಗಳಲ್ಲಿ ಏಕೆ ಹರಿದುಹೋಗುತ್ತಿವೆ ಎಂಬುದು ಇಂದಿನ ಮಾತಿನ ವಿಷಯ.

ಮೊದಲು ನಿಜವಾದ ಮರುಭೂಮಿಯ ಕಥೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಅಟಕಾಮಾ ಎಂಬ ಮರುಭೂಮಿ ಇದೆ. ಜಗತ್ತಿನ ಅತ್ಯಂತ ಒಣ ನೆಲಗಳಲ್ಲಿ ಅದೊಂದು. ಎಲ್ ನಿನೊ ಪ್ರಭಾವದಿಂದ ಅಲ್ಲಿ ಅಪರೂಪಕ್ಕೆ ಮಳೆ ಸುರಿದ ವರ್ಷ ಮರಳಿನ ಮೇಲೆ ಮೈಲುಗಟ್ಟಲೆ ಹೂವು ಅರಳುತ್ತದೆ. 2015ರಲ್ಲಿ ಅರಳಿದಾಗ ಅದರ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2017, 2019 ಮತ್ತು 2023ರಲ್ಲಿ ಇಂಥದ್ದೇ ಸುಗ್ಗಿಯಾಯಿತು. ದಕ್ಷಿಣ ಆಫ್ರಿಕಾದ ನಮಾಕ್ವಾಲ್ಯಾಂಡ್ ಎಂಬ ಒಣ ಸೀಮೆಗೆ ಆಗಸ್ಟ್–ಸೆಪ್ಟೆಂಬರಿನಲ್ಲಿ ಹೂವು ನೋಡಲೆಂದೇ ಜನ ಹೋಗುತ್ತಾರೆ.

ಇದು ಪವಾಡವಲ್ಲ. ಇಂಥ ನೆಲದ ಅನೇಕ ಸಸ್ಯಗಳ ಬೀಜದ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕವಿರುತ್ತದೆ. ನಾಲ್ಕು ಹನಿ ಬಿದ್ದರೆ ಅದು ತೊಳೆದುಹೋಗುವುದಿಲ್ಲ. ನೆಲ ಚೆನ್ನಾಗಿ ತೊಯ್ದರೆ ಮಾತ್ರ ತಡೆ ಕರಗಿ ಮೊಳಕೆ ಒಡೆಯುತ್ತದೆ. ಅಲ್ಲಿಯವರೆಗೆ ಬೀಜ ವರ್ಷಗಟ್ಟಲೆ ಕಾಯುತ್ತದೆ. ಈ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂತುರು ಬಿದ್ದಿತೆಂದು ಅವರು ಬಿತ್ತುವುದಿಲ್ಲ. ಹದ ಮಳೆಗೆ ಕಾಯುತ್ತಾರೆ. ಬೀಜವೂ ಹದಕ್ಕೇ ಕಾಯುತ್ತದೆ.

ಚಾಮರಾಜನಗರ ಮರುಭೂಮಿಯಲ್ಲ. ವರ್ಷಕ್ಕೆ ಸರಾಸರಿ ಏಳೆಂಟು ನೂರು ಮಿಲಿಮೀಟರ್ ಮಳೆ ಇಲ್ಲಿ ಬೀಳುತ್ತದೆ. ಆದರೆ ಪಶ್ಚಿಮ ಘಟ್ಟ ಮತ್ತು ನೀಲಗಿರಿಯ ಬೆನ್ನ ಹಿಂದೆ ಕುಳಿತ ಈ ನಾಡಿಗೆ ಮುಂಗಾರಿನ ಮೋಡ ಸೋಸಿಕೊಂಡು ಬರುತ್ತದೆ. ಇದೇ ರಾಜ್ಯದ ಆಗುಂಬೆಯಲ್ಲಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವುದನ್ನು ನೆನೆದರೆ ಮಳೆನೆರಳು ಎಂಬ ಮಾತಿನ ಅರ್ಥ ತಿಳಿಯುತ್ತದೆ. ಜೂನ್–ಜುಲೈಯಲ್ಲಿ ವಯನಾಡು ನೀರಿನಲ್ಲಿ ಮುಳುಗೇಳುವಾಗ ಗಡಿ ದಾಟಿ ಈಚೆಗೆ ಬಂದರೆ ಬರಿ ಗಾಳಿ, ಮೋಡ, ಆಗೊಮ್ಮೆ ಈಗೊಮ್ಮೆ ಸೋನೆ. ಇಲ್ಲಿನ ಗಟ್ಟಿ ಮಳೆ ಎರಡು ಕಂತಿನದು. ಅಶ್ವಿನಿ, ಭರಣಿಯಿಂದ ರೋಹಿಣಿಯವರೆಗೆ, ಎಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ, ಗುಡುಗು ಸಿಡಿಲಿನೊಡನೆ ಬರುವುದು ಒಂದು. ಹುಬ್ಬೆ, ಉತ್ತರೆಯಿಂದ ಸ್ವಾತಿಯವರೆಗೆ, ಎಂದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬರುವುದು ಇನ್ನೊಂದು. ಹೂವಿನ ಪಂಚಾಂಗ ನಿಂತಿರುವುದು ಈ ಎರಡು ಕಂಬಗಳ ಮೇಲೆ. ಮೊದಲ ಮಳೆಗೆ ಮುಂಚೆ ಮರಗಳ ಸರದಿ. ಮಳೆ ಬಿದ್ದ ಮೇಲೆ ನೆಲದ ಸರದಿ. ತಾರೀಖಿಗಿಂತ ಹಬ್ಬದ ಹೆಸರಿನಲ್ಲಿ ಹೇಳಿದರೆ ಇದು ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ.

ಶಿವರಾತ್ರಿಯಿಂದ ಶುರುಮಾಡೋಣ. ಆ ಹೊತ್ತಿಗೆ ಕಾಡು ಸತ್ತಂತೆ ಕಾಣುತ್ತದೆ. ತೇಗ, ದಿಂಡಿಗ, ಮತ್ತಿ ಎಲ್ಲ ಎಲೆ ಉದುರಿಸಿ ಬರಿಮೈಯಲ್ಲಿ ನಿಂತಿರುತ್ತವೆ. ಕಾಲಿಟ್ಟಲ್ಲೆಲ್ಲ ತರಗೆಲೆಯ ಸದ್ದು. ಇಂಥ ಬೂದುಬಣ್ಣದ ನಡುವೆ ಅಲ್ಲಲ್ಲಿ ಕೆಂಡ ಸುರಿದಂತೆ ಮುತ್ತುಗ ಅರಳುತ್ತದೆ. ಉಳಿದ ಹತ್ತು ತಿಂಗಳು ಮುತ್ತುಗವನ್ನು ಯಾರೂ ತಿರುಗಿ ನೋಡುವುದಿಲ್ಲ. ಸೊಟ್ಟ ಬೊಡ್ಡೆ, ಗಂಟುಗಂಟಾದ ಕೊಂಬೆ, ನೆರಳಿಗೂ ಅಷ್ಟಕ್ಕಷ್ಟೇ. ಅಗಲವಾದ ಎಲೆಗೆ ಕಡ್ಡಿ ಚುಚ್ಚಿ ಊಟದ ಎಲೆ ಮಾಡುವವರಿಗೆ ಮಾತ್ರ ಅದರ ನೆನಪು. ಫೆಬ್ರವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ ಮಾತ್ರ ಅದು ಕಾಡಿನ ಯಜಮಾನ.

ಹೂವನ್ನು ಹತ್ತಿರದಿಂದ ನೋಡಿ. ಗಿಳಿಯ ಕೊಕ್ಕಿನಂತೆ ಬಾಗಿದೆ. ಸಂಸ್ಕೃತದಲ್ಲಿ ಇದಕ್ಕೆ ಕಿಂಶುಕ ಎಂದು ಹೆಸರು, ‘ಇದು ಗಿಳಿಯೇ?’ ಎಂಬ ಅರ್ಥದಲ್ಲಿ. ಮೂಸಿದರೆ ವಾಸನೆ ಇಲ್ಲ. ವಾಸನೆ ಕೀಟಗಳನ್ನು ಕರೆಯುವುದಕ್ಕೆ. ಹಕ್ಕಿಗೆ ಬೇಕಾಗಿರುವುದು ಬಣ್ಣ. ಗೊರವಂಕ, ಪಿಕಳಾರ, ಸೂರಕ್ಕಿ, ಅಳಿಲು ಎಲ್ಲವೂ ಮಕರಂದಕ್ಕೆ ಮುಗಿಬೀಳುತ್ತವೆ. ಬರುವವರು ಹಲವರಾದರೂ ಪರಾಗ ಸಾಗಿಸುವ ಕೆಲಸವನ್ನು ಸರಿಯಾಗಿ ಮಾಡುವುದು ಮುಖ್ಯವಾಗಿ ಸೂರಕ್ಕಿ ಮತ್ತು ಅಳಿಲು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಉಳಿದವರು ಕರೆಯದೆ ಊಟಕ್ಕೆ ಬಂದವರು.

ಬಿರುಬೇಸಿಗೆಯಲ್ಲಿ, ನೀರೇ ಇಲ್ಲದ ಹೊತ್ತಿನಲ್ಲಿ ಮರ ಹೂ ಬಿಡುವುದೇಕೆ? ಎಲೆಯ ಮೂಲಕವೇ ಮರ ಅತಿ ಹೆಚ್ಚು ನೀರು ಕಳೆದುಕೊಳ್ಳುತ್ತದೆ. ಎಲೆ ಉದುರಿಸಿದರೆ ಬೇರು, ಬೊಡ್ಡೆಯಲ್ಲಿ ಕೂಡಿಟ್ಟ ನೀರು ಹೂವಿಗೆ ಉಳಿಯುತ್ತದೆ. ಎಲೆಯ ಮರೆ ಇಲ್ಲದ್ದರಿಂದ ಹೂವು ದೂರದ ಹಕ್ಕಿಗೂ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾರ್ಚಿನ ಹೂವು ಕಾಯಾಗಿ, ಮೇ–ಜೂನಿಗೆ ಒಣಗಿ, ಗಾಳಿಗೆ ಹಾರಿ ಬೀಳುವ ಹೊತ್ತಿಗೆ ಮಳೆಯಲ್ಲಿ ನೆಲ ನೆನೆದಿರುತ್ತದೆ. ಮರ ಹೂ ಬಿಡುವುದು ಮುಂದಿನ ಮಳೆಯ ಲೆಕ್ಕ ಹಾಕಿ.

ಮುತ್ತುಗ ನೋಡಲು ಬಂಡೀಪುರ ಮತ್ತು ಮದ್ದೂರಿನ ಕಡೆ ಕಾಡು ಹಾಯುವ ಹೆದ್ದಾರಿಗಳು, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ಮುಂಚಿನ ತಪ್ಪಲು, ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿ ಒಳ್ಳೆಯ ಜಾಗಗಳು. ಶಿವರಾತ್ರಿ ಜಾತ್ರೆಗೆ ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಮಾದಪ್ಪನ ಬೆಟ್ಟ ಹತ್ತುವ ಭಕ್ತರಿಗೆ ಈ ನೋಟ ಹೊಸದಲ್ಲ. ಹೂವು ನೋಡಲೆಂದು ಪ್ರತ್ಯೇಕವಾಗಿ ಅವರು ಹೋಗಿಲ್ಲ, ಅಷ್ಟೇ. ಬಂಡೀಪುರದ ರಸ್ತೆಯಲ್ಲಿ ಒಂದು ಎಚ್ಚರ ಬೇಕು. ಅಲ್ಲಿ ವಾಹನ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ 2009ರಿಂದ ಸಂಚಾರ ನಿರ್ಬಂಧವೂ ಇದೆ. ಚಲಿಸುವ ಬಸ್ಸಿನ ಕಿಟಕಿಯೇ ಅಲ್ಲಿ ಗ್ಯಾಲರಿ. ಸರ್ಕಾರಿ ಬಸ್ಸಿನ ಕಿಟಕಿ ಕಾರಿನದಕ್ಕಿಂತ ಎತ್ತರದಲ್ಲಿರುವುದರಿಂದ ಈ ಒಂದು ವಿಷಯದಲ್ಲಿ ಬಡವರಿಗೇ ಲಾಭ.

ಮುತ್ತುಗಕ್ಕಿಂತ ತುಸು ಮುಂಚೆ ಬೂರುಗ ಅರಳಿರುತ್ತದೆ. ದಪ್ಪ ದಳದ ಕೆಂಪು ಬಟ್ಟಲು ಹೂವು, ನೆಲಕ್ಕೆ ಬಿದ್ದರೆ ಸದ್ದು ಕೇಳಿಸುತ್ತದೆ. ಊರ ಬೇಲಿಗಳಲ್ಲಿ ಹಾಲವಾಣ ಕೆಂಪಾಗುವುದೂ ಇದೇ ಕಾಲದಲ್ಲಿ. ಯುಗಾದಿ ಬಂತೆಂದರೆ ಹೊಂಗೆ ಮತ್ತು ಬೇವು. ಬೇವು–ಬೆಲ್ಲಕ್ಕೆ ಹೂವೇ ಬೇಕೆಂದು ಹಿರಿಯರು ಹಟ ಹಿಡಿಯುವುದು ಅದು ಆಗಷ್ಟೇ ಸಿಗುವುದರಿಂದ. ಏಪ್ರಿಲ್ ನಡುವಿನ ವಿಷು ಹಬ್ಬಕ್ಕೆ ಕೇರಳದವರು ಕಣಿ ಇಡುವ ಕೊನ್ನ ಹೂವೇ ಕನ್ನಡದ ಕಕ್ಕೆ. ಮಾರುದ್ದದ ಹಳದಿ ಗೊಂಚಲು ಜೋತುಬಿದ್ದ ಕಕ್ಕೆಮರ ಏಪ್ರಿಲ್, ಮೇ ತಿಂಗಳಲ್ಲಿ ಈ ಜಿಲ್ಲೆಯ ಎಲ್ಲ ಕಾಡಂಚಿನಲ್ಲೂ ಕಾಣಸಿಗುತ್ತದೆ. ಕೋಲಿನಂಥ ಅದರ ಕಾಯಿ ಹಣ್ಣಾಗಲು ಹೆಚ್ಚುಕಡಿಮೆ ವರ್ಷ ಬೇಕು. ಆ ಸಿಹಿ ತಿರುಳಿಗೆ ಕರಡಿ ಬರುತ್ತದೆ. ಬೀಜ ಬಿತ್ತುವ ಕೂಲಿಯೂ ಅದರದೇ.

ಇಲ್ಲಿಗೆ ಮರಗಳ ಸರದಿ ಮುಗಿಯಿತು. ಭರಣಿ ಮಳೆ ಸುರಿದ ಮೇಲೆ ನೋಟ ಮೇಲಿನಿಂದ ಕೆಳಗಿಳಿಯಬೇಕು. ಎರಡನೆಯ ಸುಗ್ಗಿ ಇರುವುದು ಕಾಲಬುಡದಲ್ಲಿ.

ಮರುಭೂಮಿಯ ಹೂವಿಗೆ ಈ ಜಿಲ್ಲೆಯಲ್ಲಿ ನಿಜವಾದ ನೆಂಟರಿದ್ದರೆ ಅವು ಗೋಮಾಳ, ಹೊಲದ ಬದು ಮತ್ತು ಕಲ್ಲುಗುಡ್ಡಗಳ ಪುಟ್ಟ ಗಿಡಗಳು. ಬಂಡೆಯ ಬಿರುಕಿನ ಬೊಗಸೆ ಮಣ್ಣಿನಲ್ಲಿ ವಿಷ್ಣುಕ್ರಾಂತಿ ನೀಲಿ ಗುಂಡಿಯಂತೆ ತೆರೆದುಕೊಳ್ಳುತ್ತದೆ, ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಹೋಗದವರಿಗೆ ಅದು ಇಲ್ಲವೇ ಇಲ್ಲ. ತುಂಬೆಯ ಬಿಳಿ ಹೂವು ಶಿವನಿಗೆ ಪ್ರಿಯವೆಂದು ಎಲ್ಲರಿಗೂ ಗೊತ್ತು, ಜೇನ್ನೊಣಕ್ಕೆ ಇನ್ನೂ ಪ್ರಿಯ. ಯಾವ ದನವೂ ಮುಟ್ಟದ ತಂಗಡಿ, ಅಂದರೆ ಆವರಿಕೆ, ಮಳೆ ಕಂಡೊಡನೆ ರಸ್ತೆಬದಿಯ ಬರಡು ನೆಲವನ್ನೆಲ್ಲ ಹಳದಿ ಮಾಡುತ್ತದೆ. ಒಂದು ಕಾಲಕ್ಕೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ತೆಲಂಗಾಣದ ಹೆಂಗಸರು ಬತುಕಮ್ಮ ಹಬ್ಬಕ್ಕೆ ಗೋಪುರದಂತೆ ಪೇರಿಸುವ ಹೂವುಗಳಲ್ಲಿ ಮುಖ್ಯವಾದದ್ದು ಇದೇ. ಅದು ಆ ರಾಜ್ಯದ ಪುಷ್ಪವೂ ಹೌದು. ಇಲ್ಲಿ ಅದಕ್ಕೆ ಅಂಥ ಪಟ್ಟ ಸಿಕ್ಕಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಬೇಲಿಗಳನ್ನು ನೋಡಬೇಕು. ತುದಿ ಕೆಂಪು, ಬುಡ ಹಳದಿ, ದಳಗಳು ಬೆಂಕಿಯ ನಾಲಗೆಯಂತೆ ಮೇಲಕ್ಕೆ ಎದ್ದ ಹೂವೊಂದು ಬಳ್ಳಿಯ ತುದಿಯಲ್ಲಿ ನಿಂತಿರುತ್ತದೆ. ಅಗ್ನಿಶಿಖೆ ಎಂದು ಪುಸ್ತಕದ ಹೆಸರು, ಕೋಳಿಕುಟುಮ ಎಂದು ಹಳ್ಳಿಯ ಹೆಸರು, ಗೌರಿ ಹೂವು ಎಂದು ಹಬ್ಬದ ಹೆಸರು. ಕಾಡಿನ ಕಾಶಿತುಂಬೆಗೂ ಕೆಲವೆಡೆ ಗೌರಿ ಹೂವೆಂದೇ ಹೇಳುವುದರಿಂದ ಹೆಸರು ಕೇಳಿ ಹುಡುಕಿ ಹೋದವರು ಬೇರೆ ಹೂವು ನೋಡಿಕೊಂಡು ಬಂದದ್ದುಂಟು. ಅಗ್ನಿಶಿಖೆಯ ಗಡ್ಡೆ ಪ್ರಾಣಕ್ಕೇ ಎರವಾಗುವಷ್ಟು ವಿಷ. ಅದೇ ಗಿಡದಲ್ಲಿರುವ ಕಾಲ್ಚಿಸಿನ್ ಎಂಬ ವಸ್ತುವಿನಿಂದ ಸಂಧಿವಾತಕ್ಕೆ ಔಷಧಿ ಮಾಡುತ್ತಾರೆ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ನೆನಪಿಡಬೇಕು: ನೋಡಬಹುದು, ಕೀಳಬಾರದು.

ಹುಬ್ಬೆ, ಉತ್ತರೆ ಮಳೆಗಳು ಕೈಕೊಡದಿದ್ದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರಿನವರೆಗಿನ ಕಾಲವೇ ಈ ಸೀಮೆಯ ನೆಲದ ಹೂವಿನ ಪರ್ವ. ಹೂವಿಗಾಗಿಯೇ ವರ್ಷಕ್ಕೆ ಒಮ್ಮೆ ಮಾತ್ರ ಬರಲು ಸಾಧ್ಯವಿರುವವರಿಗೆ ಜುಲೈಗಿಂತ ಈ ಕಾಲವನ್ನೇ ಹೇಳಬೇಕು. ಗುಂಡ್ಲುಪೇಟೆಯಿಂದ ಹಂಗಳದ ಮೇಲೆ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರ. ತಪ್ಪಲಿನಲ್ಲಿ ಸ್ವಂತ ವಾಹನ ಬಿಟ್ಟು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಬೇಕು, ಸಂಜೆಯಾಗುವ ಮುಂಚೆ ಇಳಿಯಬೇಕು. ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. ಮಂಜು ಸರಿದಾಗ ದೂರದ ಆನೆ ಹುಡುಕುವವರೇ ಎಲ್ಲ. ದೇವಸ್ಥಾನದ ಅಂಗಳದ ಅಂಚಿನಲ್ಲಿ ಬಗ್ಗಿ ನೋಡಿದವರಿಗೆ ಹುಲ್ಲಿನ ಸಂದಿಯಲ್ಲಿ ಗುಂಡುಸೂಜಿಯ ತಲೆಯಷ್ಟೇ ಇರುವ ನೇರಳೆ, ಬಿಳಿ ಹೂವುಗಳು ಕಾಣುತ್ತವೆ.

ಹೊಲಗಳಲ್ಲಿ ಇದೇ ಕಾಲಕ್ಕೆ ರಾಗಿಯ ಸಾಲಿನ ನಡುವೆ ಹುಚ್ಚೆಳ್ಳು ಅರಳಿರುತ್ತದೆ. ಇದು ಬಿತ್ತಿದ ಗಿಡವೇ, ಕಾಡುಹೂವಲ್ಲ. ಹಬ್ಬದ ದಿನ ಸಗಣಿಯ ಬೆನಕನಿಗೆ ಇದರ ಹೂವು ಮುಡಿಸುವ ವಾಡಿಕೆ ಹಳೇ ಮೈಸೂರಿನ ಹಳ್ಳಿಗಳಲ್ಲಿದೆ. ಅದರ ಜೊತೆಗೆ ಕರೆಯದೆ ಬರುವುದು ಅಣ್ಣೆ. ಎಳೆಯದಾಗಿದ್ದಾಗ ಸೊಪ್ಪಿನ ಸಾರು, ಬಲಿತಾಗ ನಸುಗೆಂಪು ದೀಪದ ಕುಡಿಯಂಥ ಹೂವು. ದೀಪಾವಳಿಗೆ ಮಾದಪ್ಪನ ಜಾತ್ರೆಗೆ ಹೊರಟವರಿಗೆ ಕೊಳ್ಳೇಗಾಲ, ಹನೂರಿನ ಹೊಲಗಳಲ್ಲಿ ಎರಡೂ ಕಾಣುತ್ತವೆ. ಕಾಣುತ್ತಿದ್ದವು ಎನ್ನಬೇಕಾದ ಹೊಲಗಳೂ ಇವೆ. ಕಳೆನಾಶಕ ಹೊಡೆದಲ್ಲಿ ಅಣ್ಣೆಯೂ ಏಳುವುದಿಲ್ಲ, ತುಂಬೆಯೂ ಏಳುವುದಿಲ್ಲ. ಕೂಲಿ ಆಳು ಸಿಗದ ರೈತರನ್ನು ಇದಕ್ಕೆ ದೂರುವುದು ಸುಲಭ. ಆದರೆ ಸಂತೆಯಲ್ಲಿ ಅಣ್ಣೆಸೊಪ್ಪಿನ ಕಟ್ಟು ಹುಡುಕುವವರು ಅದು ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ಯೋಚಿಸಬೇಕು.

ಈಗ ಬಿಳಿಗಿರಿರಂಗನ ಬೆಟ್ಟ. ಈ ಜಿಲ್ಲೆಯ ಹೂವಿನ ಪಂಚಾಂಗ ಅತ್ಯಂತ ದಪ್ಪವಾಗಿರುವುದು ಇಲ್ಲಿ, ಹರಿದಿರುವುದೂ ಇಲ್ಲಿ. ಒಣ ಕುರುಚಲು ಕಾಡಿನಿಂದ ಹಿಡಿದು ಹದಿನೆಂಟು ನೂರು ಮೀಟರ್ ಎತ್ತರದ ಹುಲ್ಲುಬೆಟ್ಟ, ಶೋಲಾದವರೆಗೆ ಕೆಲವೇ ಗಂಟೆಗಳ ದಾರಿಯಲ್ಲಿ ಎಲ್ಲ ಬಗೆಯ ಕಾಡೂ ಇದೆ. 1967ರಲ್ಲಿ ಸಸ್ಯವಿಜ್ಞಾನಿಗಳು ಪ್ರಕಟಿಸಿದ ಪಟ್ಟಿಯಲ್ಲಿ 776 ಜಾತಿಯ ಸಸ್ಯಗಳಿವೆ. ಭಾರ್ಗವಿ ಹೊಳೆಯ ದಂಡೆಯಲ್ಲಿರುವ ದೊಡ್ಡ ಸಂಪಿಗೆ ಮರ ಹಲವು ಶತಮಾನಗಳದ್ದೆಂದು ನಂಬಿಕೆ; ಸೋಲಿಗರಿಗೆ ಅದು ದೇವರು. ಬೆಟ್ಟದ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂದು ಅವರ ಕಥೆ. ಹಾಗಾಗಿ ಅವನು ಅವರಿಗೆ ಭಾವ. ಮನೆಮಗಳ ಹೆಸರಿನಲ್ಲೇ ಕುಸುಮ ಇದೆ.

ಸೋಲಿಗರಿಗೆ ಹೂವು ನೋಟದ ವಸ್ತುವಲ್ಲ, ಬದುಕಿನ ಲೆಕ್ಕ. ಯಾವ ಮರ ಯಾವಾಗ ಅರಳಿತು, ಹೆಜ್ಜೇನು ಯಾವ ಕಣಿವೆಗೆ ಇಳಿಯಿತು, ಯಾವ ಹೂವಿನ ಜೇನಿಗೆ ಯಾವ ಬಣ್ಣ, ಯಾವ ಒಗರು ಎಂಬುದು ಅವರಿಗೆ ಬಾಯಿಪಾಠ. ಬೇಸಿಗೆಯಲ್ಲಿ ಮರಗಳು ಅರಳಿದ ಮೇಲೆ, ಮುಂಗಾರು ಹಿಡಿಯುವ ಮುಂಚೆ ಜೇನು ಇಳಿಸುವ ಕಾಲ. 1974ರಲ್ಲಿ ಈ ಕಾಡು ವನ್ಯಧಾಮವಾಯಿತು. ಸೋಲಿಗರ ಕುಮರಿ ಬೇಸಾಯ ನಿಂತಿತು, ಕಾಡಿಗೆ ಬೆಂಕಿ ಇಡುವುದೂ ನಿಂತಿತು. 2006ರಲ್ಲಿ ಮಾರಾಟಕ್ಕಾಗಿ ಜೇನು, ನೆಲ್ಲಿಕಾಯಿ ಸಂಗ್ರಹಿಸುವುದಕ್ಕೂ ನಿಷೇಧ ಬಂತು. ಅರಣ್ಯ ಹಕ್ಕು ಕಾಯಿದೆಯಡಿ ಅವರ ಸಮುದಾಯ ಹಕ್ಕನ್ನು ಮಾನ್ಯ ಮಾಡಿದ್ದು 2011ರಲ್ಲಿ. ಅದೇ ವರ್ಷ ಇದು ಹುಲಿ ಮೀಸಲು ಪ್ರದೇಶವೂ ಆಯಿತು.

ಬೆಂಕಿಯ ಮಾತು ಇಲ್ಲಿ ಸ್ವಲ್ಪ ವಿವರಿಸಬೇಕು. ಏಕೆಂದರೆ ಹೂವಿನ ಕಥೆ ಅದಕ್ಕೆ ಅಂಟಿಕೊಂಡಿದೆ. ಹಿಂದೆ ಸೋಲಿಗರು ಬೇಸಿಗೆಯ ಮೊದಲಲ್ಲೇ, ಇನ್ನೂ ಇಬ್ಬನಿಯ ತೇವ ಇರುವಾಗ, ನೆಲದ ತರಗನ್ನು ಸುಡುತ್ತಿದ್ದರು. ತರಗು ಬೆಂಕಿ ಎಂದು ಅದರ ಹೆಸರು. ಮೊಣಕಾಲೆತ್ತರದ ಬೆಂಕಿ, ಸರಸರನೆ ಹಾದುಹೋಗುತ್ತಿತ್ತು. ದೊಡ್ಡ ಮರಗಳಿಗೆ ಏನೂ ಆಗುತ್ತಿರಲಿಲ್ಲ, ಪೊದೆ ಬೆಳೆಯುತ್ತಿರಲಿಲ್ಲ. ಆ ಬೆಂಕಿ ನಿಂತ ಮೇಲೆಯೇ ಲಾಂಟಾನ ಕಾಡು ತುಂಬಿತು ಎಂಬುದು ಸೋಲಿಗ ಹಿರಿಯರ ವಾದ.

ಲಾಂಟಾನ ಅಮೆರಿಕ ಮೂಲದ ಗಿಡ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ತಂದದ್ದು. ಒಂದೇ ಗೊಂಚಲಿನಲ್ಲಿ ಹಳದಿ, ಗುಲಾಬಿ ಬಣ್ಣ, ಚಿಟ್ಟೆಗಳಿಗೂ ಇಷ್ಟ. ಪ್ರವಾಸಿಗರು ಅದನ್ನೇ ಕಾಡುಹೂವೆಂದು ಕ್ಯಾಮೆರಾದಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಅದರ ಅಡಿಯಲ್ಲಿ ಬೇರೆ ಗಿಡ ಮೇಲೇಳುವುದು ಕಷ್ಟ. ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಸಂಶೋಧಕರು ಬಿಳಿಗಿರಿಯಲ್ಲಿ ಗುರುತು ಮಾಡಿದ ತಾಕುಗಳನ್ನು 1997ರಲ್ಲಿ ಒಮ್ಮೆ, 2008ರಲ್ಲಿ ಇನ್ನೊಮ್ಮೆ ಎಣಿಸಿದರು. ಮೊದಲ ಸಲ ಲಾಂಟಾನ ಇದ್ದದ್ದು ನೂರಕ್ಕೆ 41 ತಾಕುಗಳಲ್ಲಿ. ಹನ್ನೊಂದು ವರ್ಷಗಳ ನಂತರ 81ರಲ್ಲಿ. ಕಾಡಿನ ಪ್ರತಿ ಇಪ್ಪತ್ತು ಕಾಂಡಗಳಲ್ಲಿ ಒಂದು ಲಾಂಟಾನ ಆಗಿದ್ದದ್ದು ಹೆಚ್ಚುಕಡಿಮೆ ಮೂರರಲ್ಲಿ ಒಂದಾಗಿತ್ತು. ಎರಡನೆಯ ಸುಗ್ಗಿಯ ನೆಲದ ಹೂವುಗಳಿಗೆ ಬೇಕಾದ ಬಿಸಿಲು, ಬಯಲು ಅಲ್ಲಿ ಉಳಿದಿಲ್ಲ ಎಂದು ಇದರ ಅರ್ಥ. ಒಣಗಿದ ಲಾಂಟಾನ ಪೊದೆ ಬೆಂಕಿಗೆ ಏಣಿ ಇದ್ದಂತೆ. ನೆಲದ ಕಿಚ್ಚನ್ನು ಕೊಂಬೆಗೆ ಹತ್ತಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಆಸುಪಾಸು ಸೇರಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಅದು ಮುತ್ತುಗ ಅರಳುವ ಕಾಲ.

ಹಾಗೆಂದು ತರಗು ಬೆಂಕಿಯನ್ನು ನಾಳೆಯೇ ಮತ್ತೆ ಹಚ್ಚಬಹುದೇ? ಆಗದು. ಲಾಂಟಾನ ತುಂಬಿದ ಕಾಡಿನಲ್ಲಿ ಮೊಣಕಾಲೆತ್ತರದ ಬೆಂಕಿ ಮೊಣಕಾಲಿನಲ್ಲೇ ನಿಲ್ಲುವುದಿಲ್ಲ. ಮೊದಲು ಪೊದೆ ಕೀಳಬೇಕು, ಕಿತ್ತದ್ದು ಮತ್ತೆ ಚಿಗುರದಂತೆ ನೋಡಿಕೊಳ್ಳಬೇಕು. ಅದಕ್ಕೆ ವರ್ಷಗಟ್ಟಲೆ ಕೂಲಿ ಬೇಕು. ಮಲೆ ಮಹದೇಶ್ವರ ಬೆಟ್ಟದಲ್ಲಿ ಬಿದಿರಿನ ಬದಲಿಗೆ ಲಾಂಟಾನ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಹೆಣೆಯುವುದನ್ನು ಕಲಿತ ಕುಟುಂಬಗಳಿವೆ. ಒಳ್ಳೆಯ ಕೆಲಸ. ಆದರೆ ಕಾಡಿನಲ್ಲಿರುವ ಲಾಂಟಾನದ ರಾಶಿಯ ಮುಂದೆ ಕುರ್ಚಿಗಳ ಸಂಖ್ಯೆ ಏನೇನೂ ಸಾಲದು. ಸೋಲಿಗರು ನೋಡಿ ತಿಳಿದದ್ದನ್ನು ಮೊದಲೇ ಕೇಳಿದ್ದರೆ ಇಷ್ಟು ದುಬಾರಿಯಾಗುತ್ತಿರಲಿಲ್ಲ ಎನಿಸದೆ ಇರದು.

ಇನ್ನೊಬ್ಬ ಅತಿಥಿಯ ವಿಷಯದಲ್ಲಿ ಕಣ್ಣು ಮೋಸ ಹೋಗುವುದು ಹೆಚ್ಚು. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರವನ್ನು ವಯನಾಡಿನಲ್ಲಿ ಅಲಂಕಾರಕ್ಕೆಂದು ನೆಟ್ಟರು. ಈಗ ಅದು ವಯನಾಡು, ಮುದುಮಲೆ, ಬಂಡೀಪುರಗಳ ಕಾಡಿನಲ್ಲಿ ತಾನೇ ಹಬ್ಬುತ್ತಿದೆ. ತಮಿಳುನಾಡಿನಲ್ಲಿ ಇದನ್ನು ಕಡಿದು ಕಾಗದದ ಕಾರ್ಖಾನೆಗೆ ಕಳಿಸುವ ಕೆಲಸ ನಡೆದಿದೆ. ಹೂವು ಥೇಟ್ ಕಕ್ಕೆಯ ಹಳದಿ. ವ್ಯತ್ಯಾಸ ತಿಳಿಯುವುದು ಹೀಗೆ: ಕಕ್ಕೆ ಅರಳುವುದು ಬೇಸಿಗೆಯಲ್ಲಿ, ಎಲೆ ವಿರಳವಾಗಿರುವಾಗ, ಗೊಂಚಲು ಕೆಳಕ್ಕೆ ಜೋತುಬಿದ್ದಿರುತ್ತದೆ. ಸೆನ್ನಾ ಅರಳುವುದು ಮಳೆಗಾಲದ ಕೊನೆಗೆ, ತುಂಬಿದ ಹಸಿರೆಲೆಯ ನಡುವೆ, ಗೊಂಚಲು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಂತಿರುತ್ತದೆ. ಸೆಪ್ಟೆಂಬರಿನಲ್ಲಿ ಬಂಡೀಪುರದ ಹಾದಿಯಲ್ಲಿ ಕಂಡ ಹಳದಿ ಮರವನ್ನು ಹೊಗಳುವ ಮುಂಚೆ ಗೊಂಚಲು ಯಾವ ಕಡೆ ನೋಡುತ್ತಿದೆ ಎಂಬುದನ್ನು ಗಮನಿಸಿ.

ಮತ್ತೆ ಜುಲೈಯ ಸೂರ್ಯಕಾಂತಿಗೆ ಬರೋಣ. ಅದನ್ನು ಹೀಗಳೆಯುವುದು ಈ ಮಾತಿನ ಉದ್ದೇಶವಲ್ಲ. ಸೂರ್ಯಕಾಂತಿಯೂ ಅಮೆರಿಕದ್ದೇ, ಎಣ್ಣೆಕಾಳಿನ ಬೆಳೆಯಾಗಿ ಭಾರತಕ್ಕೆ ಬಂದದ್ದು 1969ರಲ್ಲಿ. ಚೆಂಡು ಹೂವು ಮೆಕ್ಸಿಕೋದ್ದು. ಒಂದೇ ಖಂಡದಿಂದ ಬಂದವರಲ್ಲಿ ಒಬ್ಬರು ಹೊಲದ ಅಳಿಯ, ಇನ್ನೊಬ್ಬರು ಕಾಡಿನ ಶತ್ರು. ಬೇಸಿಗೆ ಮಳೆಯ ಹದಕ್ಕೆ ಬಿತ್ತಿದ ಸೂರ್ಯಕಾಂತಿ ಸುಮಾರು ಎರಡು ತಿಂಗಳಿಗೆ ಅರಳುತ್ತದೆ. ಹಾಗಾಗಿ ಮಳೆ ತಡವಾದರೆ ಹೂವೂ ತಡ. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಎಂಬುದು ಒಳ್ಳೆಯ ವರ್ಷದ ಲೆಕ್ಕ. ಎಳೆಯ ಮೊಗ್ಗು ಮಾತ್ರ ಸೂರ್ಯನ ಜೊತೆ ತಿರುಗುತ್ತದೆ. ಬಲಿತು ಅರಳಿದ ಹೂವು ಪೂರ್ವಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಫೋಟೋ ಬೇಕಾದವರು ಬೆಳಿಗ್ಗೆಯೇ ಬರಬೇಕು; ಸಂಜೆ ಬಂದವರಿಗೆ ಹೊಲ ಬೆನ್ನು ತೋರಿಸುತ್ತದೆ. ಚೆಂಡು ಹೂವಿನ ಬಹುಪಾಲು ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಕೋಳಿಮೊಟ್ಟೆಯ ಹಳದಿಗೆ ರಂಗು ಬರುವುದು ಇಂಥ ಸಾರ ಬೆರೆಸಿದ ಮೇವಿನಿಂದ. ಓಣಂ ಹತ್ತಿರವಾದರೆ ಲಾರಿಗಟ್ಟಲೆ ಹೂವು ಕೇರಳದ ಅಂಗಳಗಳಿಗೆ ಸಾಗುತ್ತದೆ. ಹೊಲಕ್ಕೆ ಇಳಿಯುವವರಿಂದ ತಲೆಗಿಷ್ಟು ಎಂದು ರೈತರು ಹಣ ಕೇಳಿದರೆ ಮುಖ ಸಿಂಡರಿಸುವವರಿದ್ದಾರೆ. ಒಂದು ದಂಟು ಮುರಿದರೆ ಒಂದು ಬೊಗಸೆ ಕಾಳು ಹೋದಂತೆ. ಕೇಳುವುದು ನ್ಯಾಯ, ಕೊಡುವುದು ಮರ್ಯಾದೆ.

ಪಂಚಾಂಗದಲ್ಲಿ ವರ್ಷಕ್ಕೊಮ್ಮೆ ಬಾರದ ಹೂವುಗಳೂ ಇವೆ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿಯ ಕಡೆ ಹೋದರೆ ಸಿಗುವ ನೀಲಗಿರಿಯ ಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಬೆಟ್ಟವನ್ನು ನೀಲಿ ಮಾಡುತ್ತದೆ. 2006ರಲ್ಲಿ ಅರಳಿತು, 2018ರಲ್ಲಿ ಅರಳಿತು. ಮುಂದಿನ ಸರದಿ 2030ರ ಆಗಸ್ಟ್–ಅಕ್ಟೋಬರ್. ಈಗ ಪ್ರೌಢಶಾಲೆಯಲ್ಲಿರುವ ಮಕ್ಕಳು ಆಗ ಕಾಲೇಜಿನಲ್ಲೋ ಕೆಲಸದಲ್ಲೋ ಇರುತ್ತಾರೆ. ಬಿದಿರಿನದು ಇನ್ನೂ ದೀರ್ಘ ಲೆಕ್ಕ. ದಶಕಗಟ್ಟಲೆ ಬೆಳೆದು, ಇಡೀ ಮೆಳೆಗೆ ಮೆಳೆಯೇ ಒಮ್ಮೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ ಸಾಯುತ್ತದೆ. 2010ರ ಆಸುಪಾಸಿನ ವರ್ಷಗಳಲ್ಲಿ ವಯನಾಡು, ನಾಗರಹೊಳೆ ಕಡೆಯ ಕಾಡುಗಳಲ್ಲಿ ಹೀಗೆ ಬಿದಿರು ಹೂ ಬಿಟ್ಟು ಒಣಗಿತು. ಅದರ ಬೀಜದಿಂದ ಎದ್ದ ಮೆಳೆಗಳು ಈಗ ಬೆಳೆಯುತ್ತಿವೆ. ಅಲ್ಲಿ ಮುಂದಿನ ಹೂವು ನೋಡುವ ಸರದಿ ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಮಕ್ಕಳದು.